ವರ್ಷಕ್ಕೆ ಎಷ್ಟು ದಿನ ಪ್ರಯಾಣ

ಹಲೋ... ಹಾಂ, ಯಾರು ಮಾತಾಡ್ತಿರೋದು? ... ವಾರಂಟಿಯವರಾ? ಹೌದು, ನಾನೇ ಲುವೆಲಾ. ... ಮಾರಿಸೋಲ್ ಅಂತಾನಾ? ಸರಿಯಮ್ಮ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಈ ಮರಳುಗಾಡಲ್ಲಿ ಸಿಗ್ನಲ್ ಸಿಗೋದೇ ನಮ್ಮ ಗಾಡಿ ನೆತ್ತಿ ಮೇಲಿರೋ ಆಂಟೆನಾ ಪುಣ್ಯದಿಂದ. ಕರೆಂಟ್ ಹೋಯ್ತೋ, ನಾನೂ ಹೋದೆ ಅಂತ ತಿಳ್ಕೊಳ್ಳಿ.

ಹನ್ನೊಂದು ವರ್ಷದ ಹಿಂದೆ ಓಹಾಯೋದ ಮನೆ ಮಾರಿ ಕೊಂಡ ಈ ಮನೆಗಾಡಿಯೇ ಲುವೆಲಾಗೂ ಗಂಡ ಡೆಲ್ಬರ್ಟನಿಗೂ ಇದ್ದ ಒಂದೇ ಸೂರು. ಅದರ ವಾರಂಟಿ ಶುಕ್ರವಾರ ಮುಗಿಯುತ್ತಿತ್ತು, ಹೊಸದು ಮಾಡಿಸಬೇಕಿತ್ತು. ಗಾಡಿಯ ಕೀಲಿಕೈ ಅವಳ ಜೇಬಿನಲ್ಲಿತ್ತು. ಡೆಲ್ಬರ್ಟ್ ಇನ್ನು ಗಾಡಿ ಓಡಿಸಕೂಡದೆಂದು ವೈದ್ಯರು ಹೇಳಿ ಒಂಬತ್ತು ದಿನವಾಗಿತ್ತು. ಅವನಿಗೆ ಅದು ನೆನಪಿರಲಿಲ್ಲ. ಅವಳು ಮತ್ತೆ ಹೇಳಿರಲಿಲ್ಲ.

... ಓಡಾಡೋರಿಗೆ ಒಂದು ವಾರಂಟಿ, ಒಂದೇ ಕಡೆ ನಿಲ್ಲಿಸ್ಕೊಂಡೋರಿಗೆ ಇನ್ನೊಂದು, ಅಲ್ವಾ? ... ನಿಂತ ಗಾಡಿಗೆ ಫ್ರಿಜ್ಜು, ನೀರಿನ ಪಂಪು... ಇಂಜಿನ್ನಿಗಿಲ್ಲ. ಹಾಂ. ದಾರೀಲಿ ಕೆಟ್ಟು ನಿಂತ್ರೆ ಎಳ್ಕೊಂಡು ಹೋಗೋಕೂ ಯಾರೂ ಬರಲ್ಲ. ... ವರ್ಷಕ್ಕೆ ಎಷ್ಟು ದಿನ ಪ್ರಯಾಣ ಅಂತಾನಾ?

ಪ್ರಯಾಣ ಎಂಬ ಮಾತಿಗೆ ಡೆಲ್ಬರ್ಟ್ ಮೆಟ್ಟಿಲು ಹತ್ತಿ ಬಂದ. ಬಾಗಿಲ ಮೇಲೆ ದೇಶದ ನಕಾಶೆಯಿತ್ತು. ಒಂದು ರಾತ್ರಿಯಾದರೂ ಮಲಗಿ ಎದ್ದ ರಾಜ್ಯಕ್ಕೆ ಮಾತ್ರ ಬಣ್ಣದ ಚೀಟಿ, ಸುಮ್ಮನೆ ಹಾದುಹೋದದ್ದಕ್ಕಿಲ್ಲ. ಅದು ಅವನ ಕಟ್ಟುನಿಟ್ಟು. ಸಮುದ್ರದ ನಡುವಿನ ಹವಾಯಿಯನ್ನು ಬಿಟ್ಟರೆ ಖಾಲಿ ಉಳಿದದ್ದು ಅಲಾಸ್ಕಾ. ಅದರ ಮೇಲೆ ಬೆರಳಿಟ್ಟು ಅವಳನ್ನು ನೋಡಿದ.

... ಇನ್ನೂರು ದಿನ. ಹಾಂ, ಇನ್ನೂರು. ಈ ಬೇಸಿಗೇಲಿ ಅಲಾಸ್ಕಾಗೆ ಹೊರಟಿದೀವಿ. ... ಡೆಲ್ಬರ್ಟೇ ಓಡ್ಸೋದು. ದಾರಿ ಹೇಳೋದು ನಾನು, ಬೈಯೋದೂ ನಾನೇ.

ಡೆಲ್ಬರ್ಟ್ ನಗುತ್ತ ಇಳಿದುಹೋದ. ಅವನ ಹೆಜ್ಜೆ ದೂರವಾಗುವವರೆಗೆ ಅವಳು ಕಾದಳು.

... ಮಾರಿಸೋಲ್, ಅದನ್ನ ಹೊಡೆದುಹಾಕಿ. ಅವನು ಕೇಳಿಸ್ಕೊಳ್ತಿದ್ದ. ... ಹೊಸ ಲೆಕ್ಕ ಹೇಳಿದ್ರೇನೇ ಹಳೇದು ಹೋಗೋದಾ? ... ಹೇಗೆ ಹೇಳ್ಲಿ. ಹೋದ ತಿಂಗಳು ಪೆಟ್ರೋಲ್ ಬಂಕಲ್ಲಿ ಗಾಡಿ ನಿಲ್ಲಿಸಿ ನನ್ನನ್ನೇ ಕೇಳ್ದ, ನಿಮ್ಮನ್ನ ಎಲ್ಲಿ ಇಳಿಸ್ಲಿ ಅಂತ. ನಲವತ್ತಾರು ವರ್ಷ ಸಂಸಾರ ಮಾಡಿದೀವಮ್ಮ. ... ನಾನು ಓಡ್ಸೋದಾ? ಮೂವತ್ತಾರು ಅಡಿ ಗಾಡಿ. ಒಂದೇ ಸಲ ಹಿಂದಕ್ಕೆ ತೆಗೆದು ಪಕ್ಕದವರ ಬೇಲಿ ಮಲಗಿಸಿದ್ದೆ.

ಹೊರಗೆ ಕೊಳವೆಯ ನೀರು ನೆಲಕ್ಕೆ ಸುರಿದ ಸದ್ದು. ಆಮೇಲೆ ಬಿಸಿಲ ಪರದೆ ಸುತ್ತಿಕೊಳ್ಳುವ ಕಿರುಗುಟ್ಟು. ಹೊರಡುವ ದಿನದ ಕೆಲಸ. ಮೊದಲು ನೀರು, ಆಮೇಲೆ ಪರದೆ, ಕೊನೆಗೆ ಕರೆಂಟಿನ ತಂತಿ. ಒಡಹುಟ್ಟಿದ ತಂಗಿಯ ಹೆಸರು ಮರೆತವನು ಈ ಕ್ರಮದಲ್ಲಿ ಒಂದನ್ನೂ ಮರೆತಿರಲಿಲ್ಲ.

... ಬೇಗ ಬರ್ಕೊಳ್ಳಿ. ನಿಂತ ಗಾಡಿ. ... ಖಚಿತಾನಾ ಅಂದ್ರೆ...

ಕಿಟಕಿಯಾಚೆ ಡೆಲ್ಬರ್ಟ್ ಕರೆಂಟಿನ ಕಂಬದ ಪಕ್ಕ ನಿಂತು, ಹಳದಿ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಒಳಗಿನಿಂದ ಅವಳು ಕೈ ಎತ್ತಬೇಕು, ಆಮೇಲೆ ಅವನು ಕಳಚಬೇಕು. ಹನ್ನೊಂದು ವರ್ಷದ ವಾಡಿಕೆ. ಬೇಡ ಎನ್ನಲು ಲುವೆಲಾ ಕೈ ಎತ್ತಿದಳು. ಅವನು ಸರಿಯೆಂದು ತಲೆಯಾಡಿಸಿದ.

... ಸೊನ್ನೆ, ಮಾರಿಸೋಲ್. ಸೊನ್ನೆ ದಿನ. ... ಬರ್ಕೊಂಡ್ರಾ? ... ಇನ್ನೂರು ಹೊಡೆದುಹಾಕಿದ್ರಾ? ... ಹಲೋ? ... ಹಲೋ...