ಏಳು ಅಂದ ಮೇಲೆ

ಇದನ್ನು ನನಗೆ ಮೊದಲು ಹೇಳಿದವನು ಸುಬ್ಬರಾಯನ್. ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಓಮಲೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಕುಡಿಯುವವನಲ್ಲ, ಕತೆ ಕಟ್ಟುವವನೂ ಅಲ್ಲ. ಹೋದ ಕಾರ್ತಿಕದಲ್ಲಿ ಪಾಪಿರೆಡ್ಡಿಪಟ್ಟಿಗೆ, ನಮ್ಮ ಮನೆಗೆ ಬಂದಿದ್ದ. ದೀಪ ಹಚ್ಚಿ, ಊಟ ಮುಗಿಸಿ ಜಗಲಿ ಮೇಲೆ ಕೂತೆವು. ನನ್ನಾಕೆ ಎಲೆಅಡಿಕೆ ತಟ್ಟೆ ತಂದಿಟ್ಟಳು. ಸುಬ್ಬರಾಯನ್ ಅದನ್ನು ಕಾಲಿನಿಂದ ಆಚೆ ಸರಿಸಿದ... ಕಾಲಿನಿಂದ. ನನಗೆ ಸಿಟ್ಟು ಬಂತು. ಅವನು ಯಾಕೆ ಹಾಗೆ ಮಾಡಿದ ಅಂತ ಆಮೇಲೆ ಗೊತ್ತಾಯಿತು.

ಒಂದು ಮಾತು ಮುಂಚೆಯೇ ತಿಳಿಸಿಬಿಡಬೇಕು. ನಮ್ಮ ಕಡೆಯ ಕನ್ನಡದಲ್ಲಿ 'ಹ' ಬಾಯಲ್ಲಿ ನಿಲ್ಲುವುದಿಲ್ಲ. ಬರೆಯುವಾಗ ಬರೆಯುತ್ತೇವೆ, ಆಡುವಾಗ ನುಂಗುತ್ತೇವೆ. ಹೋಗು ಅನ್ನುವುದು ಓಗು. ಹಾಗೆಯೇ ಹೇಳು ಅನ್ನುವುದೂ ಏಳು, ಎದ್ದೇಳು ಅನ್ನುವುದೂ ಏಳು. ತಮಿಳಿನವರ ಕಿವಿಗೆ ಬಿದ್ದರೆ ಅದು ಆರಾದ ಮೇಲಿನ ಏಳು. ಈ ಒಂದು ಮಾತಿನಿಂದ ಆದದ್ದು ಇದು.

ಸೇಲಂನಲ್ಲಿ, ಗುಗೈ ಕಡೆ, ಮಗ್ಗದವರ ಮನೆಯ ಹುಡುಗ ಗೋಕುಲ್. ಹಗಲು ನೂಲಿನ ಅಂಗಡಿಯಲ್ಲಿ ಕೆಲಸ. ಭಾನುವಾರ ಸಂಜೆ ಒಂದು ಬೇಕರಿಯ ಮಹಡಿ ಮೇಲೆ ಸ್ಟ್ಯಾಂಡಪ್. ಒಬ್ಬನೇ ಮೈಕ್ ಹಿಡಿದು ನಿಂತು ಜನರನ್ನು ನಗಿಸುವ ಆಟ. ಅಲ್ಲಿಗೆ ಮೈಕ್ ಸೆಟ್ ಕೊಡುವವನು ಸುಬ್ಬರಾಯನ್. ಆ ಆಟವನ್ನು ಫೋನಿನಲ್ಲಿ ತೋರಿಸಿದ. ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ. ದೇವರ ಮೇಲೆ ಒಂದು ಮಾತು, ಹೆತ್ತವಳ ಮೇಲೆ ಒಂದು ಮಾತು, ಮಿಕ್ಕಿದ್ದೆಲ್ಲ ಹೇಲು ಉಚ್ಚೆ. ಬಾಯಿ ತುಂಬ ಪಪ್ಸ್ ಇಟ್ಟುಕೊಂಡು ನಗುವ ಜನ. ಎದ್ದು ಹೋಗಿ ಮುಖ ತೊಳೆದು ಬಂದೆ.

ಅವನಿಗೆ ಹೆಸರು ತಂದದ್ದು ಅವನ ಅಜ್ಜಿಯ ಸಾವು. ಕಣ್ಣಮ್ಮ ಅಂತ. ಇವನನ್ನು ಸಾಕಿದವಳು. ಬಹಳ ದಿನ ಹಾಸಿಗೆ ಹಿಡಿದು ಸತ್ತಳು. ಹೆಣದ ಮುಂದೆ ಅವಳ ತಂಗಿ ಚಿನ್ನತಾಯಿ ಒಪ್ಪಾರಿ ಹಾಡಿದ್ದಳು, ಅಂದರೆ ಸತ್ತವರನ್ನು ಕರೆದು ಕರೆದು ಅಳುವ ಹಾಡು. "ಏಳಕ್ಕಾ ಏಳು, ಮಗ್ಗ ಕಾಯ್ತೈತೆ ಏಳು." ಅದನ್ನು ಕೇಳಿ ಎದುರಿನ ತಮಿಳು ಟೀ ಅಂಗಡಿಯವನು ಏಳು ಟೀ ಕಳಿಸಿದ. ಇದು ಗೋಕುಲನ ಹಾಸ್ಯ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಅವನು ನಿಲ್ಲಿಸಲಿಲ್ಲ. ಮಲಗಿದ ಮುದುಕಿಯ ಬಾಯಿ ಹೇಗೆ ಸೊಟ್ಟಗಾಗಿತ್ತು, ಎಲೆಅಡಿಕೆಯ ರಸ ಹೇಗೆ ದಿಂಬಿಗೆ ಇಳಿಯುತ್ತಿತ್ತು, ಬೆನ್ನಿನ ಹುಣ್ಣು ಹೇಗೆ ನಾರುತ್ತಿತ್ತು... ಎಲ್ಲ ಮಾಡಿ ತೋರಿಸುತ್ತಿದ್ದ. ಮೈಕನ್ನು ತುಟಿಗೆ ಒತ್ತಿಕೊಂಡು ಅಗಿಯುತ್ತಿದ್ದ. ಚಪ್... ಚಪ್... ಚಪ್. ಜನ ಕುರ್ಚಿ ಬಡಿದು ನಗುತ್ತಿದ್ದರು. ಆ ಬಾಯಿ ಇವನಿಗೆ ಜೋಗುಳ ಹಾಡಿದ ಬಾಯಿ.

ಒಂದು ರಾತ್ರಿ ಆಟ ಮುಗಿಸಿ ಇಬ್ಬರೂ ನಡೆದು ಬರುತ್ತಿದ್ದರು. ಸುಬ್ಬರಾಯನ್ ಹೆಗಲ ಮೇಲೆ ಸ್ಪೀಕರು, ಗೋಕುಲನ ಕೈಯಲ್ಲಿ ವೈರಿನ ಚೀಲ.

"ಇವತ್ತು ಎಂಗಿತ್ತು ಮಾಮ?"

"ಸೌಂಡ್ ಚೆನ್ನಾಗಿತ್ತು."

"ನಾನು ಕೇಳಿದ್ದು ನನ್ನ ಐಟಂ."

"ಗೊತ್ತಾಯ್ತು. ಅದಕ್ಕೇ ಸೌಂಡಿನ ಇಸ್ಯ ಏಳ್ದೆ."

ಗೋಕುಲ್ ನಕ್ಕ. ಮಗ್ಗದವರ ಬೀದಿಯ ತುದಿಯಲ್ಲಿ ಒಂದು ಬಾವಿ ಇದೆ. ಮುಂಚೆ ನೂಲು ತೊಳೆಯುತ್ತಿದ್ದರು. ಈಗ ನೀರಿಲ್ಲ, ಕಸ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಹತ್ತಿರ ಬಂದಾಗ ಒಳಗಿನಿಂದ ಸದ್ದು ಬಂತು. ಸರ್ರ್... ಟಕ್. ಸರ್ರ್... ಟಕ್. ಲಾಳಿ ಓಡುವ ಸದ್ದು. ಆ ಹೊತ್ತಿನಲ್ಲಿ ಬೀದಿಯ ಒಂದು ಮಗ್ಗವೂ ಆಡುತ್ತಿರಲಿಲ್ಲ.

ಇಬ್ಬರೂ ನಿಂತರು. ಸದ್ದೂ ನಿಂತಿತು.

ಆಮೇಲೆ... ಬಾಯಿ ತುಂಬ ಎಲೆ ಇಟ್ಟುಕೊಂಡವರು ಮಾತಾಡುವ ಹಾಗೆ, ಮೆತ್ತಗೆ, ಒದ್ದೆಯಾಗಿ...

"ಏಳ್ಲಾ..."

"ಕೇಳ್ತಾ ಮಾಮ?"

"ಬಾಯಿ ಮುಚ್ಕೊಂಡು ನಡಿ."

ಅವತ್ತಿನಿಂದ ಗೋಕುಲನ ನಿದ್ದೆ ಹಾರಿಹೋಯಿತು. ತಲೆ ದಿಂಬಿಗೆ ತಾಗಿದರೆ ಸಾಕು, ಕಿವಿಯ ಪಕ್ಕದಲ್ಲಿ ಚಪ್... ಚಪ್. ಆಮೇಲೆ, ಏಳು. ಎದ್ದು ಕೂರುತ್ತಿದ್ದ. ಮತ್ತೆ ಮಲಗಿದರೆ ಮತ್ತೆ ಏಳು. ಕಣ್ಣು ಗುಳಿ ಬಿದ್ದವು. ಕೆಲಸದಲ್ಲಿ ನಿಂತಲ್ಲೇ ತೂಕಡಿಸಿ ಬಿದ್ದ. ಹೀಗೇ ಆದರೆ ಹುಡುಗ ಉಳಿಯುವುದಿಲ್ಲ ಅಂತ ಸುಬ್ಬರಾಯನ್ ಅವನನ್ನು ಚಿನ್ನತಾಯಿಯ ಮನೆಗೆ ಎಳೆದುಕೊಂಡು ಹೋದ.

ಮುದುಕಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಆಟದ ವಿಡಿಯೋ ಅವಳೂ ನೋಡಿದ್ದಳು. ಬೀದಿಯ ಮಕ್ಕಳೇ ತೋರಿಸಿದ್ದರು.

"ಏನಂತಾಳೆ ನಮ್ಮಕ್ಕ?"

"ಏಳು ಅಂತೈತೆ ಚಿಕ್ಕಜ್ಜಿ. ನಾನು ಏಳ್ತೀನಿ. ಎದ್ರೂ ಬುಡಾಕಿಲ್ಲ."

ರಾಟೆ ನಿಂತಿತು.

"ಎದ್ದೇಳು ಅಂತಿಲ್ಲ ಕಣೋ ಅವಳು. ಬಾಯಲ್ಲಿ ಏಳು ಅಂತವ್ಳೆ. ನೀನು ನುಂಗ್ಬುಟ್ಟಿರೋ ಮಾತು ಏಳು ಅಂತ."

"ಯಾವ ಮಾತು?"

"ನಾನು ಅಕ್ಕ ಸತ್ತ ದಿನ ಕೊನೇಗೆ ಏನಂದೆ?"

ಚಿನ್ನತಾಯಿ ಸುಬ್ಬರಾಯನ್ ಕಡೆ ತಿರುಗಿ ಹೇಳಿದಳು. ಒಪ್ಪಾರಿಯಲ್ಲಿ ಸತ್ತವರನ್ನು ಏಳು ಏಳು ಅಂತ ಕರೆದವರು, ಹೆಣ ಎತ್ತುವ ಮುಂಚೆ ಕೈ ಮುಗಿದು 'ಮಲಿಕ್ಕೊ', ಅಂದರೆ ಮಲಗಿಕೊ, ಅನ್ನಬೇಕು. ಆಗಲೇ ಜೀವ ತಿರುಗಿ ಮಲಗುವುದು. ಸಾವಿನ ಮನೆ ಬಿಟ್ಟು ಬೇರೆಲ್ಲೂ ಆ ಹಾಡು ಬಾಯಿಗೆ ಬರಬಾರದು. ಬಂದರೆ ಮಲಿಕ್ಕೊ ಅನ್ನದೆ ಬಿಡಬಾರದು.

"ವಾರ ವಾರ ಎಬ್ಬಿಸ್ತೀಯ, ಒಂದು ಸಲಾನೂ ಮಲಗ್ಸಿಲ್ಲ. ಎಲ್ಲಿ ಕರದ್ಯೋ ಅಲ್ಲೇ ಕಳಿಸು. ಅದೇ ಜನದ ಮುಂದೆ, ಅದೇ ಮೈಕಲ್ಲಿ."

"ಅದ್ರಲ್ಲಿ ನಗು ಇಲ್ಲ ಚಿಕ್ಕಜ್ಜಿ. ಐಟಂ ಬಿದ್ದೋಯ್ತದೆ."

"ಸಾಯೋದ್ರಲ್ಲಿ ಇತ್ತೇನ್ಲಾ?"

ಅವಳು ಮತ್ತೆ ರಾಟೆ ತಿರುಗಿಸಿದಳು. ಗೋಕುಲ್ ಅಳುತ್ತಾ ಒಪ್ಪಿಕೊಂಡ.

ಆ ಭಾನುವಾರ ಅವನು ಸ್ನಾನ ಮಾಡಿ, ಚೌಡೇಶ್ವರಿ ಗುಡಿಗೆ ಹೋಗಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದ. ವೇಷ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅವರೇ ಕೂಗಲು ಶುರು ಮಾಡಿದರು, "ಏಳು, ಏಳು" ಅಂತ. ಗೋಕುಲ್ ಶುರು ಮಾಡಿದ. ಟೀ ಅಂಗಡಿ ಬಂತು. ಏಳು ಅಂದ. ನಗು ಎದ್ದಿತು. ಸುಬ್ಬರಾಯನ್ ಮೈಕ್ ಸೆಟ್ಟಿನ ಹಿಂದಿನಿಂದ ಕೈ ಮುಗಿದು ತೋರಿಸಿದ. ಈಗ ಅನ್ನು, ಅಂತ.

ಗೋಕುಲ್ ನೋಡಿದ. ನೋಡಿಯೂ... ಆ ನಗು ನಿಲ್ಲಲು ಬಿಡಲಿಲ್ಲ. ಇನ್ನೊಂದು ಸಲ ಏಳು ಅಂದ. ಬಾಯಿ ಸೊಟ್ಟ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ಮತ್ತೂ ಒಂದು ಸಲ ಅಂದ. ನಿದ್ದೆ ಇಲ್ಲದ ಆ ಮುಖಕ್ಕೆ ಆಗ ಎಂಥ ಕಳೆ ಬಂದಿತ್ತು ಬಾವ, ಅಂದ ಸುಬ್ಬರಾಯನ್. ಎಂಜಲು ಎಲೆ ಕಂಡ ನಾಯಿಗೆ ಬರುವ ಕಳೆ.

ಆಮೇಲೆ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ. ಕೈ ಮುಗಿದ. ಬಾಯಿ ತೆರೆದ.

"ಮ..."

ಅಷ್ಟೇ. ಮುಂದೆ ಬರಲಿಲ್ಲ.

ಸ್ಪೀಕರಿನಲ್ಲಿ ಬೇರೆ ಸದ್ದು. ಚಪ್... ಚಪ್... ಪುಳಕ್. ಅಗಿಯುವುದು, ಉಗುಳು ನುಂಗುವುದು. ಗೋಕುಲನ ತುಟಿ ಅಲುಗುತ್ತಿರಲಿಲ್ಲ. ಸುಬ್ಬರಾಯನ್ ವಾಲ್ಯೂಮ್ ಇಳಿಸಿದ. ಪೂರ್ತಿ ಇಳಿಸಿದ. ವೈರ್ ಕಿತ್ತ. ಸದ್ದು ನಿಲ್ಲಲಿಲ್ಲ. ಹುಣ್ಣಿನ ವಾಸನೆ, ಹೊಗೆಸೊಪ್ಪಿನ ವಾಸನೆ ಮಹಡಿ ತುಂಬಿತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು, ಮುಚ್ಚಿಕೊಂಡೇ ನಕ್ಕರು. ಇದೂ ಐಟಂ ಅಂದುಕೊಂಡಿದ್ದರು. ಗೋಕುಲನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಗಂಟಲು ಕೈಯಲ್ಲಿ ಹಿಡಿದುಕೊಂಡು ಮ... ಮ... ಅನ್ನುತ್ತಿದ್ದ. ಅದಕ್ಕೂ ವಿಷಲ್ ಹೊಡೆದರು. ಫೋನ್ ಎತ್ತಿ ವಿಡಿಯೋ ಹಿಡಿದರು. ಒಬ್ಬನಾದರೂ ಎದ್ದು ಒಂದು ಲೋಟ ನೀರು ಕೊಡಲಿಲ್ಲ. ದೆವ್ವಕ್ಕಿಂತ ನನಗೆ ಹೇಸಿಗೆ ತಂದದ್ದು ಇದು.

ಗೋಕುಲ್ ಬದುಕಿದ್ದಾನೆ. ಉಣ್ಣುತ್ತಾನೆ, ಮಾತಾಡುತ್ತಾನೆ, ಅಂಗಡಿಗೆ ಹೋಗುತ್ತಾನೆ. ಆ ಒಂದು ಮಾತು ಮಾತ್ರ ಇವತ್ತಿಗೂ ಬಾಯಲ್ಲಿ ಬಾರದು. ಮಲಗುವುದೂ ಇಲ್ಲ. ಅಜ್ಜಿಯ ಮಗ್ಗಕ್ಕೆ ಒರಗಿ ಕೂತೇ ರಾತ್ರಿ ಕಳೆಯುತ್ತಾನೆ. ಚಿನ್ನತಾಯಿ ದಿನಾ ಅವನ ಪರವಾಗಿ ಮಲಿಕ್ಕೊ ಅನ್ನುತ್ತಾಳೆ. ಒಬ್ಬಳಿಂದ ಆಗುವುದಿಲ್ಲ ಅಂತಾಳೆ. ಕೇಳಿ ನಕ್ಕವರೆಲ್ಲ ಕರೆದವರೇ, ಕೇಳಿದವರೆಲ್ಲ ಅನ್ನಬೇಕು ಅಂತಾಳೆ.

ಆ ಆಟದ ಮಾರನೆಯ ದಿನ ಸುಬ್ಬರಾಯನ್ ತೊಳೆಯಲು ಅಂತ ಮೈಕಿನ ಸ್ಪಂಜ್ ಟೋಪಿ ತೆಗೆದ. ಒಳಗೆ, ಸ್ಪಂಜಿಗೂ ಜಾಲರಿಗೂ ನಡುವೆ, ಅಗಿದ ಎಲೆಅಡಿಕೆ. ಇನ್ನೂ ಬೆಚ್ಚಗಿತ್ತಂತೆ. ಗೋಕುಲ್ ಹುಟ್ಟಿದಾಗಿನಿಂದ ಎಲೆ ಹಾಕಿದವನಲ್ಲ. ಸುಬ್ಬರಾಯನ್ ಸೋಪು ಹಾಕಿ ತೊಳೆದ, ಸೀಗೆಕಾಯಿ ಹಾಕಿ ತೊಳೆದ, ತಾರಸಿ ಮೇಲೆ ವಾರಗಟ್ಟಲೆ ಬಿಸಿಲಿಗಿಟ್ಟ.

ನಾನು ನಂಬಲಿಲ್ಲ. ಆಗ ಅವನು ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಜಗಲಿ ಮೇಲಿಟ್ಟ. ಒಳಗೆ ಆ ಸ್ಪಂಜು. ಕಪ್ಪು, ಒಣಗಿದ್ದು, ಹಗುರ. ಎರಡು ಬೆರಳಲ್ಲಿ ಹಿಡಿದು ಒತ್ತಿದೆ. ದೇವರಾಣೆ, ದೀಪದ ಮುಂದೆ ಕೂತು ಹೇಳುತ್ತಿದ್ದೇನೆ... ಬೆರಳು ಕೆಂಪಾಯಿತು.

ಇದು ನಡೆದದ್ದು. ನೀವೂ ನಿಮ್ಮವರಿಗೆ ಹೇಳಿ. ಆ ವಿಡಿಯೋ ಕಂಡವರಿಗೆ, ಕಂಡು ನಕ್ಕವರಿಗೆ ಮೊದಲು ಹೇಳಿ. ಹೇಳಿ ಮುಗಿದ ಮೇಲೆ, ನಗದೆ, ಕೈ ಮುಗಿದು ಒಂದು ಸಲ ಅನ್ನಿ. ನಾನೂ ಅಂದೇ ಮುಗಿಸುತ್ತೇನೆ.

ಮಲಿಕ್ಕೊ ಕಣ್ಣಮ್ಮಕ್ಕ... ಮಲಿಕ್ಕೊ.