ಮೇಷ್ಟ್ರು ತಿದ್ದಿದ ದೂರು

ಬಸವನಗುಡಿಯ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಕೂತಿದ್ದರು. ಪಾರ್ಕಿನಲ್ಲಿ ಪಕ್ಕದ ಮನೆಯವರನ್ನು ತಳ್ಳಿದರೆಂದು ಅವರ ಮೇಲೆ ಪೊಲೀಸ್ ದೂರು ಬಿದ್ದಿತ್ತಂತೆ.

“ನಾನು ತಳ್ಳೇ ಇಲ್ಲ, ಪದ್ದು. ಲಾಯರ್ ಯಾಕೆ?”

“ಸ್ಟೇಷನ್ನಿಗೆ ಒಬ್ರೇ ಹೋಗಿ ಏನ್ ಮಾಡಿದ್ರಿ?”

“ದೂರಲ್ಲಿ ‘ತಳ್ಳಿದ ಹಾಗಾಯಿತು’ ಅಂತಿತ್ತು. ಅದೂ ಒಂದು ವಾಕ್ಯಾನಾ? ಕರ್ತೃವೇ ಇಲ್ಲ!”

“ಅದಕ್ಕೆ?”

“‘ವಾದಿರಾಜರು ತಳ್ಳಿದರು’ ಅಂತ ತಿದ್ದಿದೆ.”

“ನಿಮ್ಮ ಹೆಸರನ್ನ ನಿಮ್ಮ ಕೈಯಾರೆ ಬರೆದ್ರಾ?”

“ಹ್ಞೂಂ. ಇನ್ಸ್‌ಪೆಕ್ಟರ್ ಥ್ಯಾಂಕ್ಸ್ ಹೇಳಿದ್ರು.”

“ಅಯ್ಯೋ ದೇವ್ರೇ! ಅಲ್ಲಿಗೆ ಹೋಗೋಕೆ ಮುಂಚೆನೇ ಲಾಯರ್ ಹಿಡೀಬೇಕಿತ್ತು. ಏಳಿ, ಈಗ್ಲಾದ್ರೂ ಲಾಯರ್ ಹತ್ರ ಹೋಗೋಣ.”

ಶೇಷಾದ್ರಿಪುರಂ ಬಸ್ ಬಂತು. ಮೇಷ್ಟ್ರು ಮೆಲ್ಲಗೆ ಎದ್ದರು.

“ನಾಳೆ ಇನ್ಸ್‌ಪೆಕ್ಟರ್ ಕೇಳಿದ್ರೆ ಏನ್ ಹೇಳ್ಲಿ?”

“ನಿಮ್ಮ ಹೆಸರು ಹೇಳಿ. ಮಿಕ್ಕಿದ್ದನ್ನ ಲಾಯರ್ ಹೇಳ್ತಾರೆ.”

ಇಬ್ಬರೂ ಬಸ್ ಹತ್ತಿದರು.