ಮೂರನೇ ದಿನದ ಹಾಲು

ಪರರ ಮಾತಿಗೆ ಕಿವಿಗೊಡುವ ಚಾಳಿ ಓಬಳೆಪ್ಪನದಲ್ಲ. ಆದರೆ ಯಲಬುರ್ಗಾದಲ್ಲಿ ನಿಜಾಮ ಸರಕಾರದ ಮೋಟಾರಿಗೆ ಕಾಯುವಾಗ ಪಕ್ಕದಲ್ಲೇ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ಊರೂರು ತಿರುಗಿ ಯೇಸುವಿನ ಕಥೆ ಹೇಳುವ ಮಿಶನ್ನಿನ ದೀನಮ್ಮ, ಇನ್ನೊಬ್ಬಳು ಕೂಲಿಯ ಹೊಳಿಯಮ್ಮ.

“ಎರಡು ವರ್ಷದ ಹಿಂದ ನಮ್ಮೂರಿಗೆ ಬಂದಿದ್ರಿ ಅಕ್ಕಾರ. ಯೇಸಪ್ಪನ್ನ ಮಣ್ಣು ಮಾಡಿ ಕಲ್ಲು ಮುಚ್ಚಿದ್ರು ಅನ್ನೂದ್ರಾಗ ನಿಮ್ಮ ಬಂಡಿ ಹೊಂಟ್ತು.”

“ಮತ್ತ ಬರಾಕ ಆಗ್ಲಿಲ್ಲವ್ವ. ಹಳ್ಳಿ ಭಾಳ, ನಾ ಒಬ್ಬಾಕಿ.”

“ಅವಗ ಹೆಂಡ್ರು ಮಕ್ಳು ಇರ್ಲಿಲ್ಲ. ಮೂರನೇ ದಿನ ಹಾಲು-ತುಪ್ಪ ಯಾರು ಬಿಡಬೇಕು? ಹಳ್ಳದ ದಂಡ್ಯಾಗ ಕಲ್ಲಿಟ್ಟು ನಾನ ಬಿಟ್ಟೆ.”

ದೀನಮ್ಮ ಅವಳ ಹತ್ತಿರಕ್ಕೆ ಸರಿದಳು.

“ಮೂರನೇ ದಿನ ಹೆಣ್ಮಕ್ಳು ಗೋರಿಗೆ ಹೋಗಿದ್ರವ್ವ. ಕಲ್ಲು ಸರದಿತ್ತು. ಅವ ಜೀವ ಬಂದು ಎದ್ದಿದ್ದ.”

“ನನ್ನ ಮಗನ ಮಣ್ಣಿಗೂ ಹಾಲು ಒಯ್ದಿದ್ದೆ, ಅಕ್ಕಾರ. ಕಲ್ಲು ಇಟ್ಟಲ್ಲೇ ಇತ್ತು.”

ಮೋಟಾರು ಬಂತು. ದೀನಮ್ಮ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದಳು. ಹೊಳಿಯಮ್ಮನ ಕೈ ಹಿಡಿದು, ಮೆಲ್ಲಗೆ ಏನೋ ಹೇಳುತ್ತ, ಅವಳ ಊರಿನ ದಾರಿ ಹಿಡಿದಳು.

ಹೋದ ವರ್ಷ ಹೆಂಡತಿಯ ಮಣ್ಣಿಗೆ ಹಾಲು ಬಿಟ್ಟು ಬಂದಿದ್ದ ಓಬಳೆಪ್ಪ ಮೋಟಾರು ಹತ್ತಿ ಕಿಟಕಿಯಿಂದ ಕತ್ತು ಚಾಚಿದ. ಮೋಟಾರಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ.